ಮರಳಿ ಬಾರದವರ ಗುಂಪು

ಮೊದಮೊದಲು ವರ್ನಾ ಫ್ರೀಸನ್ ತಪ್ಪೆಲ್ಲ ಯಂತ್ರದ್ದೆಂದೇ ತಿಳಿದಿದ್ದಳು.

ಹೆಡ್‌ಫೋನ್ ಸಿಕ್ಕಿಸಿಕೊಂಡು ಕುಳಿತರೆ ಅವಳಿಗೆ ದಿನವಿಡೀ ಕೇಳುತ್ತಿದ್ದುದು ಒಂದೇ ಬಗೆಯ ಸದ್ದು. ಜೈಲಿನ ಸಣ್ಣ ಕೋಣೆ, ಕುರ್ಚಿ ಎಳೆದ ಕಿರಕಿರ, ಸಂದರ್ಶನ ಮಾಡುವ ಅಧಿಕಾರಿ ಲೊರೇನ್ ಗಾರಿಯೆಪಿಯ ಸಿಗರೇಟಿಗೆ ಸವೆದ ಗಂಟಲು, ಅವಳೆದುರಿಗೆ ಯಾರೋ ಒಬ್ಬ ಕೈದಿ. ಲೊರೇನ್ ಕೇಳುವಳು, ಅವನು ಹೇಳುವನು. ಈ ಧ್ವನಿಮುದ್ರಣದಲ್ಲಿ ಮಾತ್ರ ಉತ್ತರ ಮೊದಲು ಬರುತ್ತಿತ್ತು.

"ಇಲ್ಲ," ಎಂದಿತು ಗಂಡುದನಿ, ಮೆತ್ತಗೆ, ಯಾರನ್ನೋ ಎಬ್ಬಿಸಬಾರದೆಂಬಂತೆ.

ಒಂದು ಉಸಿರಿನಷ್ಟು ಹೊತ್ತಾದ ಮೇಲೆ ಲೊರೇನ್: "ಕುಡಿತದಿಂದ ಕೆಲ್ಸಕ್ಕೆ ಏನಾದ್ರೂ ತೊಂದ್ರೆ ಆಗಿತ್ತಾ?"

"ಇಲ್ಲ."

"ನಿಮ್ಮ ಸ್ನೇಹಿತ್ರಲ್ಲಿ ಪೊಲೀಸ್ ಕೇಸ್ ಇರೋರು ಯಾರಾದ್ರೂ?"

ವರ್ನಾ ಹೆಡ್‌ಫೋನ್ ತೆಗೆದು ಉಫ್ ಎಂದು ಊದಿದಳು. ಬೇರೆ ಯಂತ್ರಕ್ಕೆ ಹಾಕಿ ಕೇಳಿದಳು. ಹಾಗೆಯೇ ಇತ್ತು. ಹಿಂದಿನ ಕೈದಿಯ ಮುದ್ರಣ ಹಾಕಿದಳು. ಅದು ಸರಿಯಾಗಿತ್ತು, ಅವನು ಪ್ರತಿ ಪ್ರಶ್ನೆಗೂ ಗೊಣಗಿ, ಬೈದು, ಆಕಳಿಸಿ ಆಮೇಲೆ ಬಾಯಿ ಬಿಡುತ್ತಿದ್ದ. ದೇವರು ಎಲ್ಲ ಮನುಷ್ಯರನ್ನೂ ಮಾಡಿರುವುದು ಹಾಗೆಯೇ ಅಲ್ಲವೆ?

ಕೆನಡಾದ ಸಸ್ಕಾಚೆವನ್ ಪ್ರಾಂತ್ಯದ ಒಂದು ಊರಿನಲ್ಲಿ, ಟೈರ್ ಅಂಗಡಿಯೊಂದರ ಮೇಲಂತಸ್ತಿನಲ್ಲಿ ಅವಳ ಆಫೀಸು. ಪ್ರಾಂತ್ಯದ ಜೈಲುಗಳಲ್ಲಿ ಒಳಗೆ ಬಂದ ಪ್ರತಿಯೊಬ್ಬನನ್ನೂ ಎದುರಿಗೆ ಕೂರಿಸಿಕೊಂಡು ಪ್ರಶ್ನೆ ಕೇಳುತ್ತಾರೆ: ಕುಡಿತ, ಕೆಲಸ, ಮನೆ, ಗೆಳೆತನ, ಸಿಟ್ಟು. ಒಂದೊಂದು ತೊಂದರೆಗೆ ಒಂದೊಂದು ಅಂಕ. ಇದಕ್ಕೆ ಅವರು ಇಟ್ಟ ಹೆಸರು ಅಳತೆಗೋಲು. ಅಂಕ ಹೆಚ್ಚಿದ್ದವನು ಹೊರಗೆ ಹೋದರೂ ಮತ್ತೆ ಕೈಕೊಳ ಹಾಕಿಸಿಕೊಂಡು ಬಂದಾನು ಎಂದು ಲೆಕ್ಕ. ಅವನ ಬೆನ್ನಿಗೊಬ್ಬ ಅಧಿಕಾರಿ, ಇರಲು ಜೈಲಿಗೂ ಊರಿಗೂ ನಡುವಿನ, ಕಾವಲಿರುವ ಅರೆದಾರಿ ಮನೆ, ವಾರಕ್ಕೊಮ್ಮೆ ತರಗತಿ. ಅಂಕ ಕಡಿಮೆಯಿದ್ದವನನ್ನು ಅವಧಿಗೆ ಮುಂಚೆಯೇ ಬಿಟ್ಟು, ಬಸ್ ಟಿಕೆಟ್ ಕೈಗಿತ್ತು, ತಂಟೆಗೆ ಹೋಗದೆ ಸುಮ್ಮನಾಗುತ್ತಾರೆ. ನೆಟ್ಟಗಿರುವ ಗಿಡಕ್ಕೆ ಊರುಗೋಲು ಕಟ್ಟಿದರೆ ಅದೇ ಬಾಗುತ್ತದೆ ಎಂಬುದು ಆ ಕಸುಬಿನವರ ಗಾದೆ.

ವರ್ನಾಳ ಕೆಲಸ ಮನುಷ್ಯರನ್ನು ಅಳೆಯುವುದಲ್ಲ, ಅಳತೆಗೋಲನ್ನು ಅಳೆಯುವುದು. ಒಂದೇ ಸಂದರ್ಶನಕ್ಕೆ ಇಬ್ಬರು ಬೇರೆಬೇರೆ ಕೂತು ಅಂಕ ಕೊಟ್ಟರೆ ಎರಡೂ ತಾಳೆಯಾಗುತ್ತವೆಯೇ ಎಂಬುದು ಮೊದಲ ಪರೀಕ್ಷೆ. ಎರಡನೆಯದಕ್ಕೆ ಮೂರು ವರ್ಷ ಕಾಯಬೇಕು. ಆಮೇಲೆ ಜೈಲಿಗೆ ಮರಳಿ ಬಂದ ಒಬ್ಬನನ್ನೂ ಬಾರದ ಒಬ್ಬನನ್ನೂ ಕಾಗದದ ಮೇಲೆ ಅಕ್ಕಪಕ್ಕ ನಿಲ್ಲಿಸಬೇಕು. ಇಬ್ಬರಲ್ಲಿ ಬಂದವನು ಯಾರೆಂದು ಅಂಕ ನೋಡಿ ಹೇಳಬೇಕು. ಇಂಥ ನೂರು ಜೋಡಿಯಲ್ಲಿ ಎಪ್ಪತ್ತರಷ್ಟು ಸರಿಯಾದರೆ ಅಳತೆಗೋಲು ಗಟ್ಟಿ. ಐವತ್ತೇ ಸರಿಯಾದರೆ ನಾಣ್ಯ ಚಿಮ್ಮಿದರೂ ಸಾಕು, ಇಷ್ಟು ಜನಕ್ಕೆ ಸಂಬಳ ದಂಡ.

"ವರ್ನಾ! ಬಿಳಿ ಗುಂಪು ನೋಡಿದ್ಯಾ?" ಡೆಲ್ಮರ್ ಕೊಸ್ಟಿಯುಕ್ ಕಾಫಿ ಲೋಟದ ಸಮೇತ ಬಾಗಿಲಲ್ಲಿ ನಿಂತಿದ್ದ. ಅವಳ ಮೇಲಧಿಕಾರಿ; ಹೊಟ್ಟೆಯೂ ನಗುವೂ ಎರಡೂ ಧಾರಾಳ. ತೀರಾ ಕಡಿಮೆ ಅಂಕದವರ ಗುಂಪಿಗೆ ಅವರು ಬಿಳಿ ಎನ್ನುತ್ತಿದ್ದರು. "ಮೂರು ವರ್ಷದಲ್ಲಿ ಒಬ್ಬನೂ ವಾಪಸ್ ಬಂದಿಲ್ಲ. ಒಬ್ಬನೂ!"

"ಅದಕ್ಕೇ ನಂಗೆ ಅನುಮಾನ."

"ನಿಮ್ಮ ಮೆನ್ನೊನೈಟ್ ಪಂಥದ ಜನಾನೇ ಹಿಂಗೆ. ಒಳ್ಳೇ ಸುದ್ದಿ ಕೇಳಿದ್ರೂ ಪಾಪ ಮಾಡ್ದಂಗಾಗತ್ತೆ ನಿಮ್ಗೆ."

"ನಿಮ್ಮ ಉಕ್ರೇನಿನವ್ರು ಪಿರೋಗಿ ಕಡುಬು ಕಂಡ್ರೆ ಒಳಗೇನು ತುಂಬಿದೆ ಅಂತಾನೂ ನೋಡಲ್ವಲ್ಲ, ನುಂಗ್ಬಿಡೋದೇ," ಎಂದಳು ವರ್ನಾ. "ನೂರಕ್ಕೆ ನೂರು ಅನ್ನೋದು ಮನುಷ್ಯರ ಲೆಕ್ಕ ಅಲ್ಲ ಡೆಲ್ಮರ್. ನೂರು ಜನ ಪಾದ್ರಿಗಳನ್ನ ಬಿಟ್ರೂ ಒಬ್ಬನಾದ್ರೂ ವಾಪಸ್ ಬರ್ತಾನೆ."

"ಮುಂದಿನ ತಿಂಗಳು ಮಂತ್ರಿಗಳ ಮುಂದೆ ಹೀಗೇ ಹೇಳ್ಬೇಡ ತಾಯಿ," ಎಂದು ಅವನು ನಗುತ್ತ ಹೋದ.

ಅವಳು ಆ ಮಧ್ಯಾಹ್ನವೇ ಜನನ–ಮರಣ ಕಚೇರಿಗೆ ಬರೆದಳು. ಬಿಳಿ ಗುಂಪಿನವರ ಹೆಸರಿನ ಪಟ್ಟಿಯನ್ನೂ ಜೊತೆಗಿಟ್ಟಳು.

ಕಚೇರಿಯ ಉತ್ತರ ಬಂದ ದಿನ ಆಕಾಶದಲ್ಲಿ ಮೂರು ಸೂರ್ಯರಿದ್ದರು. ಜನವರಿಯ ಕಡುಚಳಿಯಲ್ಲಿ ಅಲ್ಲಿ ಹಾಗಾಗುತ್ತದೆ. ಗಾಳಿಯಲ್ಲಿ ತೇಲುವ ಹಿಮದ ಹರಳಿಗೆ ಬೆಳಕು ಬಿದ್ದು ನಿಜವಾದ ಸೂರ್ಯನ ಎಡಬಲಕ್ಕೆ ಎರಡು ಸುಳ್ಳು ಸೂರ್ಯ. ಕೆಳಗೆ ಸಾಲಾಗಿ ನಿಂತ ಕಾರುಗಳೆಲ್ಲ ಇಂಜಿನ್ ಹೆಪ್ಪುಗಟ್ಟದಂತೆ ಗೋಡೆಯ ಕರೆಂಟಿಗೆ ಬಾಲ ಚುಚ್ಚಿಕೊಂಡಿದ್ದವು. ವರ್ನಾ ಕಿಟಕಿಯ ಬಳಿ ನಿಂತೇ ಓದಿದಳು.

ಬಿಳಿ ಗುಂಪಿನ ಮುಕ್ಕಾಲು ಪಾಲು ಜನ ಬದುಕಿರಲಿಲ್ಲ. ಹೆಚ್ಚಿನವರು ಬಿಡುಗಡೆಯಾದ ಮೊದಲ ಚಳಿಗಾಲವನ್ನೇ ದಾಟಿರಲಿಲ್ಲ. ಜಗಳವಿಲ್ಲ, ಕಳ್ಳತನವಿಲ್ಲ, ಯಾರಿಗೂ ಒಂದು ಮಾತು ಬೈದದ್ದಿಲ್ಲ. ಒಬ್ಬ ಹೊಲದಂಚಿನ ಬೇಲಿಗೊರಗಿ ಕುಳಿತಿದ್ದ. ಒಬ್ಬ ರಸ್ತೆ ಬದಿ ನಿಂತ ಕಾರಿನಲ್ಲಿ. ಇನ್ನೊಬ್ಬ ಬಾಡಿಗೆ ಕೋಣೆಯಲ್ಲಿ, ಬೂಟು ಕೂಡ ಬಿಚ್ಚದೆ. ಎಲ್ಲರೂ ಕುಳಿತೇ ಇದ್ದರು, ಯಾರೋ ಹೆಸರು ಕರೆಯುವುದನ್ನು ಕಾಯುವವರ ಹಾಗೆ.

ಸತ್ತವರು ಅಪರಾಧ ಮಾಡುವುದಿಲ್ಲ. ಅಳತೆಗೋಲಿನ ಲೆಕ್ಕದಲ್ಲಿ ಅವರಷ್ಟು ಸುಧಾರಿಸಿದವರು ಮತ್ತೊಬ್ಬರಿಲ್ಲ.

ಡೆಲ್ಮರ್ ಓದಿ, ಕನ್ನಡಕ ತೆಗೆದು, ಬಹಳ ಹೊತ್ತು ಅದನ್ನೇ ಒರೆಸಿದ. ಕೆಟ್ಟವನಲ್ಲ ಅವನು. "ಅಯ್ಯೋ ದೇವ್ರೆ," ಎಂದ. ಆಮೇಲೆ, "ಸತ್ತವ್ರನ್ನ ತೆಗೆದುಹಾಕು. ಮೊದ್ಲೇ ತೆಗೀಬೇಕಿತ್ತು."

"ತೆಗೆದು ಎಲ್ಲಿಗೆ ಹಾಕ್ಲಿ?"

"ಲೆಕ್ಕದಿಂದ ಆಚೆ ಕಣೇ. ನಾವು ತೂಗೋದು ಅಪರಾಧ, ಆಯಸ್ಸಲ್ಲ. ನಂಗೂ ಸಂಕಟ ಆಗತ್ತೆ. ಆದ್ರೆ ಹೊರಗೂ ಜನ ಸಾಯ್ತಾರೆ ವರ್ನಾ."

ಅವಳು ಆಚೆಗೆ ಹಾಕಲಿಲ್ಲ. ಅವರ ಮುದ್ರಣಗಳನ್ನು ಹೊರತೆಗೆದಳು. ಆ ದಿನಗಳಲ್ಲಿ ಅವಳ ಗಂಡ ಉತ್ತರದ ಗಣಿಯಲ್ಲಿ ಪಾಳಿಯಲ್ಲಿದ್ದ; ಎರಡು ವಾರ ಅಲ್ಲಿ, ಎರಡು ವಾರ ಮನೆ. ಮಗಳು ಟೆಸ್ಸಾಳನ್ನು ಎಬ್ಬಿಸಿ, ಉಣಿಸಿ, ಶಾಲೆಗೆ ಬಿಟ್ಟು ಬಂದು ಕೂತರೆ ಕಿವಿಯಲ್ಲಿ ಮತ್ತೆ ಅದೇ ಕೋಣೆ, ಅದೇ ಕುರ್ಚಿ. ಹೆಸರಿನ ಚೀಟಿಗಳನ್ನು ಮುಚ್ಚಿಟ್ಟು, ಬದುಕಿದವರದ್ದನ್ನೂ ಸತ್ತವರದ್ದನ್ನೂ ಇಸ್ಪೀಟಿನಂತೆ ಕಲಸಿ, ಬರೀ ಕಿವಿಯಿಂದ ಕೇಳಿ ಎರಡು ರಾಶಿ ಮಾಡಿದಳು. ಉತ್ತರ ಮೊದಲು ಬರುವವರದು ಒಂದು ರಾಶಿ, ಪ್ರಶ್ನೆ ಮೊದಲು ಬರುವವರದು ಇನ್ನೊಂದು. ಆಮೇಲೆ ಚೀಟಿ ತಿರುವಿ ನೋಡಿದಳು.

ಒಂದೂ ತಪ್ಪಿರಲಿಲ್ಲ: ಉತ್ತರ ಮೊದಲು ಬಂದವರೆಲ್ಲ ಸತ್ತವರು. ಅಳತೆಗೋಲಿಗೆ ನೂರಕ್ಕೆ ಎಪ್ಪತ್ತು, ಅವಳ ಕಿವಿಗೆ ನೂರಕ್ಕೆ ನೂರು. ಆ ಹಾಡಹಗಲಿನಲ್ಲಿ, ಕೆಳಗೆ ಟೈರ್ ಅಂಗಡಿಯವರು ರೇಡಿಯೋ ಹಚ್ಚಿ ನಗುತ್ತಿರುವಾಗ, ಅವಳ ಕತ್ತಿನ ಹಿಂದೆ ಯಾರೋ ಉಸಿರು ಬಿಟ್ಟಂತಾಯಿತು.

ಫೋನಿನಲ್ಲಿ ಹೇಳಿದರೆ ಲೊರೇನ್ ನಕ್ಕುಬಿಟ್ಟಳು. ಮೂವತ್ತು ವರ್ಷ ಜೈಲಿನ ಕಾರಿಡಾರು ತುಳಿದ, ಮೇಟಿ ಎಂಬ ಮೂಲನಿವಾಸಿ ಜನದ ಹೆಂಗಸು ಆಕೆ. ಚಿಕ್ಕವರೆಲ್ಲ ಅವಳಿಗೆ ಮಕ್ಕಳೇ. "ಪ್ರಶ್ನೆಗಳನ್ನ ಒಬ್ಬರಿಂದೊಬ್ರು ಕೇಳ್ಕೊಂಡು ಬಾಯಿಪಾಠ ಮಾಡ್ಕೊಂಡಿರ್ತಾರೆ ಮಗಳೇ. ನಂಗೇ ಪಾಠ ಆಗಿದೆ. ನಿದ್ದೇಲಿ ನಮ್ಮ ನಾಯಿಗೂ ಕೇಳ್ತೀನಂತೆ."

"ಅದಕ್ಕೂ ಇದಕ್ಕೂ..."

"ನಿದ್ದೆ ಮಾಡು ನೀನು. ಆಮೇಲೆ ನಾಳಿದ್ದು ಒಬ್ಬ ಇದಾನೆ. ಕಡತ ನೋಡಿದ್ರೆ ಸೊನ್ನೆ ಬರೋ ಹಂಗಿದೆ ಕಣೇ, ಸೊನ್ನೆ! ನಾನು ಈವರೆಗೆ ಕಂಡಿಲ್ಲ. ನೀನೇ ಬಂದು ಕೂತ್ಕೊ, ಎರಡನೇ ಅಂಕ ನೀನೇ ಹಾಕು. ಬರೀ ಸದ್ದು ಕೇಳಿ ಕೇಳಿ ತಲೆ ಕೆಟ್ಟಿದೆ ನಿಂಗೆ. ಮುಖಾನೂ ನೋಡು ಒಂದ್ಸಲ."

ವರ್ನಾ ಫೋನಿಟ್ಟ ಮೇಲೆ ನೆನಪು ಮಾಡಿಕೊಂಡಳು. ಕಳೆದ ಶರತ್ಕಾಲದಲ್ಲಿ ಪ್ರಶ್ನೆಗಳ ಸರದಿಯನ್ನು ಅವಳೇ ಬದಲಿಸಿದ್ದಳು, ಬಾಯಿಪಾಠ ಆಗಬಾರದೆಂದೇ. ಹೊಸ ಸರದಿಯ ಮೊದಲ ಕಂತು ಲೊರೇನ್‌ಳ ಮೇಜಿಗೆ ಈ ವಾರವಷ್ಟೇ ತಲುಪಿತ್ತು. ಅದರಲ್ಲಿ ಇನ್ನೂ ಯಾರನ್ನೂ ಕೇಳಿರಲಿಲ್ಲ.

ಆ ಕೈದಿಯ ಹೆಸರು ಮರ್ವಿನ್ ಹಾಲ್ಡರ್ಸನ್. ಐವತ್ತೆಂಟರ ಆಸುಪಾಸು, ಉದ್ದನೆಯ ಕೈ, ನೀರಿನಂಥ ಕಣ್ಣು. ವೈಟ್‌ಶೋರ್ ಎಂಬ ಹಳ್ಳಿಯಲ್ಲಿ ಮಂಜುಗಡ್ಡೆಯ ಮೇಲೆ ಕಲ್ಲು ಜಾರಿಸಿ ಆಡುವ ಆಟದ ಮನೆಯಿತ್ತು; ಅಲ್ಲಿ ನೆಲಕ್ಕೆ ನೀರು ಚಿಮುಕಿಸಿ, ಕೆರೆದು, ನಯ ಮಾಡಿ ಮಂಜು ಹಾಸುವುದು ಅವನ ಕಸುಬು. ಹಳ್ಳಿಯಲ್ಲಿ ಜನ ಕಡಿಮೆಯಾಗಿ ಆಟದ ಮನೆಗೆ ಬೀಗ ಬಿತ್ತು. ಅವನು ಮಾತ್ರ ಬೀಗ ಮುರಿದು ಒಳಹೊಕ್ಕು ಎರಡು ಚಳಿಗಾಲ ಯಾರೂ ಆಡದ ಅಂಗಳಕ್ಕೆ ಮಂಜು ಹಾಸುತ್ತಲೇ ಇದ್ದ. ಬೆಳಕು ಕಂಡು ನೋಡಲು ಬಂದ ಕಾವಲುಗಾರ ಅದರ ಮೇಲೆ ಜಾರಿ ತಲೆಯೊಡೆದುಕೊಂಡು ಸತ್ತ. ಹದಿನೆಂಟು ತಿಂಗಳ ಸಜೆ. ಸೊನ್ನೆ ಬಂದರೆ ಇದೇ ಶುಕ್ರವಾರ ಬಿಡುಗಡೆ.

ಎರಡನೇ ಅಂಕ ಹಾಕುವವರು ಬಾಯಿ ಬಿಡಕೂಡದು. ವರ್ನಾ ಮೂಲೆಯ ಕುರ್ಚಿಯಲ್ಲಿ ಪೆನ್ಸಿಲ್ ಹಿಡಿದು ಕುಳಿತಳು. ಲೊರೇನ್ ಕನ್ನಡಕ ಏರಿಸಿ, ಹೊಸ ಸರದಿಯ ಹಾಳೆಯ ಮೇಲೆ ಬೆರಳಿಟ್ಟಳು.

"ಇಲ್ಲ," ಎಂದ ಮರ್ವಿನ್.

ಲೊರೇನ್‌ಳ ಬೆರಳು ನಿಂತಿತು. "ಇನ್ನೂ ಕೇಳೇ ಇಲ್ವಲ್ಲ ಮಾರಾಯ," ಎಂದು ನಕ್ಕು ಕೇಳಿದಳು: "ಈಚೆಗೆ ಯಾರ ಜೊತೆಗಾದ್ರೂ ಜಗಳ?"

ಅವನು ತಲೆ ಕೂಡ ಆಡಿಸಲಿಲ್ಲ. ಅವನಿಗೆ ಅದು ಮುಗಿದುಹೋಗಿತ್ತು. "ಇಲ್ಲ."

"ಸಾಲಸೋಲದ ತೊಂದ್ರೆ?"

"ಇಲ್ಲ."

"ಮಾದಕ ವಸ್ತು... ಮರ್ವಿನ್, ಸ್ವಲ್ಪ ತಾಳಿ, ನಂಗೂ ವಯಸ್ಸಾಗಿದೆ."

ಅವನು ಕ್ಷಮಿಸಿ ಎಂಬಂತೆ ಮುಗುಳ್ನಕ್ಕ. ಒಳ್ಳೆಯ ನಗು. ಆದರೆ ತಾಳಲಿಲ್ಲ. ಇಲ್ಲ, ಇಲ್ಲ, ಇಲ್ಲ. ತೊಟ್ಟಿಕ್ಕುವ ನಲ್ಲಿಯಂತೆ ಒಂದೊಂದಾಗಿ ಬೀಳುತ್ತಿದ್ದವು. ಯಾವ ಪ್ರಶ್ನೆಗೂ ಇಲ್ಲವೆಂದರೆ ನಡೆಯುತ್ತದೆ, ಇದರಲ್ಲಿ ವಿಶೇಷವೇನು ಎಂದು ವರ್ನಾ ತನ್ನನ್ನು ತಾನೇ ಸಮಾಧಾನ ಮಾಡಿಕೊಳ್ಳುತ್ತಿದ್ದಳು. ಆಗ ಅವನು, ಅದೇ ದನಿಯಲ್ಲಿ, "ಹೌದು," ಎಂದ.

ಲೊರೇನ್ ಹಾಳೆ ನೋಡಿದಳು. ಅವಳ ದನಿ ಈ ಸಲ ಸಣ್ಣದಾಗಿತ್ತು. "ಒಡಹುಟ್ಟಿದವರ ಜೊತೆ... ಸಂಬಂಧ ಚೆನ್ನಾಗಿದೆಯಾ?"

ಇಡೀ ಹಾಳೆಯಲ್ಲಿ ಹೌದು ಎಂದರೆ ಅಂಕ ಬೀಳದ ಪ್ರಶ್ನೆ ಅದೊಂದೇ. ಅದನ್ನು ಆ ಜಾಗದಲ್ಲಿ ತಂದಿಟ್ಟವಳು ವರ್ನಾ. ಟೈರ್ ಅಂಗಡಿಯ ಮೇಲಂತಸ್ತಿನಲ್ಲಿ, ಒಬ್ಬಳೇ ಕೂತು.

ಕೋಣೆಯ ಹೀಟರು ಉರಿಯುತ್ತಿತ್ತು. ಆದರೂ ಆ ಮನುಷ್ಯನ ಕಡೆಯಿಂದ, ಬಾಗಿಲು ತೆರೆದ ನೆಲಮಾಳಿಗೆಯಿಂದ ಬರುವಂಥ ತಂಪು ಅವಳ ಕಾಲಿಗೆ ತಾಗುತ್ತಿತ್ತು. ಕೊನೆಯ ಇಲ್ಲ ಬಿದ್ದಿತು. ಕೊನೆಯ ಪ್ರಶ್ನೆ ಅದರ ಹಿಂದೆ ಕುಂಟುತ್ತ ಬಂದಿತು. ಲೊರೇನ್ ಹಾಳೆ ಮಡಚುವಾಗ ವರ್ನಾ ತಡೆಯಲಾರದೆ ಕೇಳಿಬಿಟ್ಟಳು:

"ಶುಕ್ರವಾರ ರಾತ್ರಿ ಎಲ್ಲಿ ಮಲಗ್ತೀರಿ?"

ಅವನು ಮೊದಲ ಸಲ ಅವಳ ಕಡೆ ತಿರುಗಿದ. ಮೊದಲ ಸಲ ಪ್ರಶ್ನೆಯ ಆಚೆಗೆ ಮೌನವಿತ್ತು, ಮನುಷ್ಯರ ನಡುವೆ ಇರುವಂಥದ್ದು. ಅವನ ಹುಬ್ಬು ಕೊಂಚ ಗಂಟಿಕ್ಕಿತು.

"ಅದು ನಿಮ್ಮ ಹಾಳೇಲಿ ಇಲ್ಲ," ಎಂದ.

ಕಾರಿಡಾರಿಗೆ ಬಂದ ಮೇಲೆ ಲೊರೇನ್ ಹಚ್ಚದ ಸಿಗರೇಟನ್ನು ಬಾಯಲ್ಲಿಟ್ಟುಕೊಂಡು ಗೋಡೆಗೊರಗಿದಳು. "ನಮ್ಮಜ್ಜಿ ಹೇಳ್ತಿದ್ಲು, ಕೆಲವರು ಮುಂಚೇನೇ ಹೊರಟುಬಿಟ್ಟಿರ್ತಾರೆ, ಮೈ ಆಮೇಲೆ ಹೋಗೋದು ಅಂತ. ನಾನು ನಗ್ತಿದ್ದೆ."

"ಅವನನ್ನ ಬಿಟ್ರೆ ಸಾಯ್ತಾನೆ ಲೊರೇನ್."

"ಗೊತ್ತಾಯ್ತು. ನಂಗೂ ಕಣ್ಣಿದೆ."

"ಹಾಗಾದ್ರೆ ಅಂಕ ಪಕ್ಕಕ್ಕಿಟ್ಟು ನಿಮ್ಮ ಅಭಿಪ್ರಾಯ ಬರೀರಿ. ಅರೆದಾರಿ ಮನೆಗೆ ಕಳ್ಸಿ. ಅಧಿಕಾರಿಗೆ ಆ ಹಕ್ಕಿದೆಯಲ್ಲ?"

ಲೊರೇನ್ ಅವಳನ್ನೇ ನೋಡಿದಳು. "ಇತ್ತು. ಅಧಿಕಾರಿಗಳು ಮೂಗಿನ ನೇರಕ್ಕೆ ಅಂಕ ತಿದ್ದಿದ್ರೆ ಅಳತೆ ಕೆಡತ್ತೆ, ಆ ಹಕ್ಕು ಕಿತ್ಕೊಳ್ಳಿ ಅಂತ ಎರಡು ವರ್ಷದ ಹಿಂದೆ ಯಾರೋ ಒಬ್ಬ ಜಾಣೆ ವರದಿ ಬರೆದ್ಲು. ಚೆನ್ನಾಗಿ ಬರೆದಿದ್ಲು."

ಬರೆದವಳು ವರ್ನಾ. ಆ ವರದಿ ತಪ್ಪೂ ಆಗಿರಲಿಲ್ಲ. ಅಧಿಕಾರಿಗಳು ತಿದ್ದಿದ್ದೆಲ್ಲ ಹೆಚ್ಚಾಗಿ ಬಡವರ ತಲೆಗೇ ಬಂದಿತ್ತು.

ಮರುದಿನ ಗುರುವಾರ. ತಿಂಡಿಯ ಹೊತ್ತಿಗೆ ಟೆಸ್ಸಾ ಟೋಪಿಯಂಗಿ ಹಾಕಿಕೊಂಡು, ಬಟ್ಟಲಿನಲ್ಲಿ ಚಮಚ ಆಡಿಸುತ್ತ ಕೂತಿದ್ದಳು. ವರ್ನಾ ಡಬ್ಬಿಗೆ ಬ್ರೆಡ್ ತುಂಬುತ್ತ, "ಟೆಸ್ಸಾ, ಹಾಲು..." ಎನ್ನುವಷ್ಟರಲ್ಲಿ ಮಗು, "ಕುಡ್ದೆ," ಎಂದಿತು.

"ಹಲ್ಲು..."

"ಉಜ್ದೆ."

"ಮತ್ತೆ ನಿನ್ನ..."

"ಹೂಂ ಅಮ್ಮ, ಹೂಂ."

ವರ್ನಾ ಚಾಕು ಕೆಳಗಿಟ್ಟಳು. ತಿರುಗಿ ನೋಡಿದರೆ ಹಾಲು ಲೋಟದಲ್ಲಿ ಹಾಗೆಯೇ ಇತ್ತು, ಕೆನೆ ಕಟ್ಟಿತ್ತು. "ಕುಡ್ದೆ ಅಂದ್ಯಲ್ಲೇ!"

"ನೀನು ಕೇಳಿದ್ದೆಲ್ಲಿ?" ಎಂದಳು ಟೆಸ್ಸಾ. "ನೀನು ಕೇಳಿದ್ರೆ ತಾನೇ ಸುಳ್ಳಾಗೋದು? ನೀನು ದಿನಾ ಕೇಳ್ತಿಯ, ಆಮೇಲೆ ಹೋಗ್ತಿಯ. ಬೇಗ ಹೇಳಿದ್ರೆ ಬೇಗ ಹೋಗ್ತಿಯ."

ಬೈಯಲು ಬಾಯಿ ತೆರೆದವಳಿಗೆ ಮಗಳ ಮಾತೇ ಕಿವಿಯಲ್ಲಿ ಉಳಿಯಿತು. ಕೇಳಿದರೆ ತಾನೇ. ಲೋಟವನ್ನು ಮಗಳ ಮುಂದಕ್ಕೆ ಸರಿಸಿ, ಅವಳು ಕುಡಿದು ಮುಗಿಸುವತನಕ ಎದುರಿಗೆ ಕುಳಿತುಕೊಂಡಳು. ಶಾಲೆಗೆ ತಡವಾಯಿತು.

ಆಫೀಸಿಗೆ ಹೋದವಳೇ ಅಳತೆಗೋಲಿನ ಕೈಪಿಡಿ ತೆರೆದಳು. ಅವಳಿಗೆ ಬೇಕಾದ ಸಾಲು ಇತ್ತು. ಎಲ್ಲರಿಗೂ ಗೊತ್ತಿದ್ದದ್ದೇ, ಯಾರೂ ಹೀಗೆ ಓದಿರಲಿಲ್ಲ, ಅಷ್ಟೆ. ಉತ್ತರ ಸಿಗದ ಪ್ರಶ್ನೆಯ ಮುಂದೆ ಸೊನ್ನೆ ಹಾಕಕೂಡದು, 'ಉತ್ತರವಿಲ್ಲ' ಎಂದು ಬರೆಯಬೇಕು. ಅಂಥವು ನಾಲ್ಕಕ್ಕಿಂತ ಹೆಚ್ಚಾದರೆ ಆ ಅಳತೆ ಊರ್ಜಿತವಲ್ಲ. ಬೇರೆಯವರು ಮತ್ತೆ ಸಂದರ್ಶನ ಮಾಡಬೇಕು. ಊರ್ಜಿತವಾದ ಅಳತೆಯಿಲ್ಲದೆ ಅವಧಿಗೆ ಮುಂಚೆ ಬಿಡುಗಡೆಯಿಲ್ಲ.

ಅವಳು ಮರ್ವಿನ್‌ನ ಹಾಳೆಯಲ್ಲಿ ಮೊದಲಿಂದ ಕೊನೆಯವರೆಗೆ 'ಉತ್ತರವಿಲ್ಲ' ಎಂದು ಬರೆದಳು. ಕೇಳುವ ಮುಂಚೆ ಬಂದದ್ದು ಉತ್ತರವಲ್ಲ.

ಡೆಲ್ಮರ್ ಮೊದಲು ನಕ್ಕ, ಆಮೇಲೆ ಕೆಂಪಾದ. "ಹುಚ್ಚು ಹಿಡಿದಿದೆಯಾ ನಿಂಗೆ? ಲೊರೇನ್ ಸೊನ್ನೆ ಹಾಕಿದಾಳೆ, ನೀನು ಏನೂ ಇಲ್ಲ ಅಂತ ಹಾಕಿದೀಯ!"

"ಸೊನ್ನೆಗೂ ಏನೂ ಇಲ್ಲದ್ದಕ್ಕೂ ವ್ಯತ್ಯಾಸ ಇದೆ ಅಂತ ನಂಗೆ ಕಲಿಸಿದ್ದು ನೀನೇ."

"ಇದೇ ನಿಯಮ ಅಂದ್ರೆ ಹಳೇ ಮುದ್ರಣಕ್ಕೂ ಹಾಕ್ಬೇಕಾಗತ್ತೆ. ಗೊತ್ತಾ? ಆ ಬಿಳಿ ಗುಂಪೇ..."

"ಮುಕ್ಕಾಲು ಪಾಲು ಇರಲ್ಲ. ಸತ್ತವರನ್ನ ನಾವು ಅಳೆದೇ ಇಲ್ಲ ಡೆಲ್ಮರ್. ಗೋಲು ಹಿಡಿದ್ವಿ, ಆ ಕಡೆ ಯಾರೂ ಇರ್ಲಿಲ್ಲ."

"ಮಂತ್ರಿಗಳಿಗೆ ಏನು ತೋರಿಸ್ಲಿ ನಾನು? ನಿನ್ನ ಕಿವೀನಾ?"

"ಇದನ್ನ ಕೇಳು," ಎಂದು ಅವಳು ಹೆಡ್‌ಫೋನ್ ಅವನ ಕೈಗಿಟ್ಟಳು.

ಅವನು ಅರ್ಧ ಮುದ್ರಣ ಕೂಡ ಕೇಳಲಿಲ್ಲ. ಕಿವಿಯಿಂದ ಕಿತ್ತು ಮೇಜಿನ ಮೇಲಿಟ್ಟು, ಅದು ಅಲುಗಾಡೀತೆಂಬಂತೆ ಕೈಯಿಂದ ಒತ್ತಿ ಹಿಡಿದುಕೊಂಡ. "ನಿನ್ನ ಹೆಸರಲ್ಲೇ ಕಳ್ಸು," ಎಂದ ಆಮೇಲೆ. "ಬಂದದ್ದನ್ನ ನೀನೇ ಅನುಭವಿಸು. ನಾನು ತಡೆಯಲ್ಲ." ಅಷ್ಟೇ ಸಾಕಾಗಿತ್ತು. ಶುಕ್ರವಾರದ ವೈಟ್‌ಶೋರ್ ಬಸ್ಸು ಒಂದು ಸೀಟು ಖಾಲಿಯಾಗಿ ಹೋಯಿತು.

ಮರುಸಂದರ್ಶನಕ್ಕೆ ವಾರ ಹಿಡಿಯಿತು. ಕೇಳುವವರು ಬದಲಾಗಬೇಕಿದ್ದರಿಂದ ಈ ಸಲ ಪ್ರಶ್ನೆ ವರ್ನಾಳದು, ಅಂಕ ಲೊರೇನ್‌ಳದು. ಆ ವಾರ ವರ್ನಾಳಿಗೆ ನಿದ್ದೆಯೆಂಬುದು ಇರಲಿಲ್ಲ. ತಾನು ಹಿಡಿದಿಟ್ಟದ್ದು ಒಬ್ಬ ಮನುಷ್ಯನನ್ನೋ ಬರೀ ಮೈಯನ್ನೋ ಎಂಬುದೇ ಅವಳಿಗೆ ತಿಳಿದಿರಲಿಲ್ಲ.

ಮರ್ವಿನ್ ಒಳಗೆ ಬಂದವನು ಕೂರಲಿಲ್ಲ. "ನೀವೇ ಅಲ್ವಾ?" ಎಂದ.

"ನಾನೇ. ಕೂತ್ಕೊಳ್ಳಿ."

"ಯಾಕೆ?"

"ಕೂತ್ಕೊಳ್ಳಿ ಅಂದೆ."

"ಯಾಕೆ ಅಂತ ಕೇಳ್ದೆ ನಾನು!" ಉದ್ದನೆಯ ಕೈ ಮೇಜಿಗೆ ಅಪ್ಪಳಿಸಿತು. ಲೊರೇನ್‌ಳ ಪೆನ್ಸಿಲ್ ಉರುಳಿ ಬಿತ್ತು. "ನನ್ನ ಕೆಲ್ಸ ಮುಗಿದಿತ್ತು. ಎಲ್ಲಾ ತೊಳೆದು ಒರೆಸಿ ಇಟ್ಟಿದ್ದೆ. ಯಾರಿಗೂ ತೊಂದ್ರೆ ಕೊಡ್ತಿರ್ಲಿಲ್ಲ. ನಡುವೆ ಬರೋಕೆ ನೀವ್ಯಾರು?"

ವರ್ನಾ ಪೆನ್ಸಿಲ್ ಎತ್ತಿ ಲೊರೇನ್‌ಗೆ ಕೊಟ್ಟಳು. ಆಮೇಲೆ ಹಾಳೆಯ ಮೇಲೆ ಬೆರಳಿಟ್ಟು ಮೊದಲ ಪ್ರಶ್ನೆ ಓದಿದಳು. ಓದಿ, ಕಾದಳು.

ಏನೂ ಬರಲಿಲ್ಲ. ಹೀಟರು ಗುರ್ರೆಂದಿತು. ಆಮೇಲೆ ಅವನು ಕುರ್ಚಿಯನ್ನು ಎಳೆದು, ದೊಪ್ಪನೆ ಕೂತು, "ಏನಂದ್ರಿ?" ಎಂದ.

ಅವಳು ಇನ್ನೊಮ್ಮೆ ಕೇಳಿದಳು. ಈಚೆಗೆ ಯಾರ ಜೊತೆಗಾದರೂ ಜಗಳ?

"ಈಗ ಇದೆಯಲ್ಲ, ನಿಮ್ಮ ಜೊತೆ."

ಆಮೇಲಿನದೆಲ್ಲ ಎಳೆದಾಟವೇ. ಅವನು ಬೈದ, ಅಡ್ಡ ಹಾದಿ ಹಿಡಿದ, ಆಟದ ಮನೆಗೆ ಬೀಗ ಹಾಕಿದ ಪಂಚಾಯಿತಿಯವರ ವಂಶವನ್ನೆಲ್ಲ ಜಾಲಾಡಿದ. ತಂಗಿಯ ಮಾತು ಬಂದಾಗ, ಮಾತು ಬಿಟ್ಟು ಹನ್ನೊಂದು ವರ್ಷವಾಯಿತು ಎಂದ. ಆಮೇಲೆ ಮುಖ ಪಕ್ಕಕ್ಕೆ ತಿರುಗಿಸಿ ಆ ಉದ್ದನೆಯ ಕೈಯಿಂದ ಕಣ್ಣು ಒತ್ತಿಕೊಂಡ. ಕಾವಲುಗಾರನ ಹೆಸರನ್ನು ತಾನಾಗಿಯೇ ಹೇಳಿದ. ಮೂಲೆಯಲ್ಲಿ ಲೊರೇನ್‌ಳ ಪೆನ್ಸಿಲ್ ಪರಪರ ಓಡುತ್ತಿತ್ತು. ಸಿಟ್ಟಿಗೊಂದು ಅಂಕ, ತಂಗಿಗೊಂದು, ಸರಕಾರದ ಮೇಲಿನ ದ್ವೇಷಕ್ಕೊಂದು. ಹನಿಹನಿಯಾಗಿ ಆ ಮನುಷ್ಯ ಹಾಳೆಯ ಮೇಲೆ ಮೂಡುತ್ತಿದ್ದ.

ಎಲ್ಲ ಮುಗಿದಾಗ ಬೆವೆತು ಕುಳಿತಿದ್ದ. ಅವಳನ್ನು ಆ ನೀರುಗಣ್ಣಿನಿಂದ ದಿಟ್ಟಿಸಿ ಏನೋ ಕೇಳಿದ, ಅವಳು ಏನೋ ಹೇಳಿದಳು; ಜೈಲಿನ ಪೇದೆ ಬಂದು ಕರೆದುಕೊಂಡು ಹೋದ.

ಅಂಕ ಎಷ್ಟಾಯಿತೆಂದರೆ, ಅವಧಿಗೆ ಮುಂಚೆ ಬಿಟ್ಟರೂ ಅರೆದಾರಿ ಮನೆಯಲ್ಲೇ ಇರಬೇಕು, ವಾರಕ್ಕೆರಡು ಸಲ ಅಧಿಕಾರಿಯ ಮುಖ ನೋಡಬೇಕು. ಅಧಿಕಾರಿ ಲೊರೇನ್ ಗಾರಿಯೆಪಿ. ಫೆಬ್ರವರಿ ಮುಗಿಯುವ ಮುಂಚೆ ಅವನು ಅಲ್ಲಿಗೆ ಹೋದ. ಸೂಪಿಗೆ ಉಪ್ಪಿಲ್ಲವೆಂದು ದಿನಾ ಜಗಳವಂತೆ. "ನನ್ನ ಬ್ಯಾನಕ್ ರೊಟ್ಟಿ ತಿಂದು ಕಲ್ಲು ಅಂದ ಕಣೇ, ಕಲ್ಲು! ಆ ಬಾಯಿಗೆ ಏನು ಬಂದಿದೆ," ಎಂದು ಲೊರೇನ್ ಫೋನಿನಲ್ಲಿ ಶಾಪ ಹಾಕಿದಳು. ವರ್ನಾಳಿಗೆ ಅಷ್ಟು ಚೆಂದದ ಸುದ್ದಿ ಆ ವರ್ಷ ಬೇರೆ ಬರಲಿಲ್ಲ. ಮಂತ್ರಿಗಳ ಸಭೆಗೆ ಡೆಲ್ಮರ್ ಒಬ್ಬನೇ ಹೋಗಿ, ಅಂಕಿ ಕಡಿಮೆಯಾಯಿತೆಂದು ಬೈಸಿಕೊಂಡು ಬಂದ. ಅವಳ ಜೊತೆ ಸರಿಯಾಗಿ ಮಾತಾಡುತ್ತಿರಲಿಲ್ಲ. ಬಿಳಿ ಗುಂಪಿನ ಮುದ್ರಣಗಳನ್ನು ಮಾತ್ರ ಬೀರುವಿನಲ್ಲಿಟ್ಟು ಬೀಗ ಹಾಕಿಸಿದ, ಬೀಗದ ಕೈಯನ್ನು ಕೇಳದೆಯೇ ಅವಳ ಮೇಜಿನ ಮೇಲಿಟ್ಟುಹೋದ.

ಮಾರ್ಚಿನ ಒಂದು ಮಧ್ಯಾಹ್ನ ಲೊರೇನ್ ಟೈರ್ ಅಂಗಡಿಯ ಮೆಟ್ಟಿಲು ಹತ್ತಿ ಬಂದಳು. ಏದುಸಿರು ಬಿಡುತ್ತ, ಕೋಟು ಕೂಡ ಬಿಚ್ಚದೆ, ಮೇಜಿನ ಮೇಲೆ ಮರ್ವಿನ್‌ನ ಎರಡನೇ ಸಂದರ್ಶನದ ಮುದ್ರಣ ಇಟ್ಟಳು.

"ಕೊನೇದು ಕೇಳು ಮಗಳೇ. ಕೊನೇ ತುಣುಕು ಸಾಕು. ಅವತ್ತು ನಾನು ಬರೀತಾ ಇದ್ದೆ, ಗಮನ ಇರ್ಲಿಲ್ಲ."

"ಅವನಿಗೆ ಮತ್ತೆ ಏನಾದ್ರೂ..."

"ಅವನಿಗೆ ಏನಿಲ್ಲ, ಗುಂಡುಕಲ್ಲಿನಂಗಿದಾನೆ. ನೀನು ಕೇಳು."

ವರ್ನಾ ಹೆಡ್‌ಫೋನ್ ಹಾಕಿಕೊಂಡಳು. ಕುರ್ಚಿಯ ಕಿರಕಿರ. ಮರ್ವಿನ್‌ನ ಬೆವರಿದ ಉಸಿರು. ಆಮೇಲೆ ಒಂದು ಹೆಣ್ಣುದನಿ, ಮೆತ್ತಗೆ, ಯಾರನ್ನೋ ಎಬ್ಬಿಸಬಾರದೆಂಬಂತೆ:

"ಹೂಂ, ಚೆನ್ನಾಗಿದೀನಿ."

ಒಂದು ಉಸಿರಿನಷ್ಟು ಹೊತ್ತಾದ ಮೇಲೆ ಮರ್ವಿನ್: "ನೀವು ಚೆನ್ನಾಗಿದ್ದೀರೇನ್ರಿ?"

ಅವಳು ತಿರುಗಿಸಿ ಕೇಳಿದಳು. ಮತ್ತೂ ಒಮ್ಮೆ ಕೇಳಿದಳು. ಆ ದನಿ ತನ್ನದೇ ಎಂಬುದರಲ್ಲಿ ಅನುಮಾನವಿರಲಿಲ್ಲ. ಕಿಟಕಿಯಾಚೆ ಹಿಮ ಕರಗಿ ಚಾವಣಿಯ ಅಂಚಿನಿಂದ ತೊಟ್ಟಿಕ್ಕುತ್ತಿತ್ತು, ಒಂದೊಂದಾಗಿ, ಬಿಡದೆ.

ಲೊರೇನ್ ಎದುರಿನ ಕುರ್ಚಿ ಎಳೆದುಕೊಂಡು, ಮಂಡಿಗೆ ಮಂಡಿ ತಾಗುವಷ್ಟು ಹತ್ತಿರ ಕುಳಿತಳು. ತಂಬಾಕಿನ ವಾಸನೆಯ ಬಿಸಿ ಕೈಗಳಲ್ಲಿ ಅವಳ ಎರಡೂ ಕೈ ಹಿಡಿದುಕೊಂಡಳು.

"ಈಗ ನಾನು ಒಂದು ಕೇಳ್ತೀನಿ," ಎಂದಳು. "ಬಾಯಿ ಮುಚ್ಕೊಂಡಿರು. ಪೂರ್ತಿ ಕೇಳೋ ತನಕ."

ವರ್ನಾಳ ನಾಲಿಗೆಯ ತುದಿಗೆ ಏನೋ ಬಂದು ನಿಂತಿತ್ತು, ಸಣ್ಣದು, ನಯವಾದದ್ದು, ಯಾವ ಪ್ರಶ್ನೆಗೂ ಆಗುವಂಥದ್ದು. ಹಲ್ಲು ಕಚ್ಚಿ ಅದನ್ನು ಅಲ್ಲೇ ತಡೆದಳು. ಕಣ್ಣಲ್ಲಿ ನೀರು ಬಂತು. ಲೊರೇನ್ ಅವಸರ ಮಾಡಲಿಲ್ಲ. ಕೆಳಗೆ ಯಾರೋ ಟೈರಿಗೆ ಗಾಳಿ ತುಂಬುತ್ತಿದ್ದರು. ವರ್ನಾ ಬಾಯಿ ಬಿಗಿಹಿಡಿದು ಕುಳಿತೇ ಇದ್ದಳು, ಪ್ರಶ್ನೆ ತನ್ನ ತನಕ ಬಂದು ಮುಟ್ಟಲೆಂದು.